ಸೇತುವೆಗಿಂತ ಎತ್ತರದ ಮನೆ

ಬ್ರಾಂಕ್ಸ್ ದಾಟುವಾಗ ಅಡುಗೆ ಕಪಾಟಿನ ಬಾಗಿಲು ತೆರೆದುಕೊಂಡಿತು. ತಟ್ಟೆಗಳು ಬೀಳುವ ಮೊದಲು ಹಿಡಿಯೋಣವೆಂದು ಬೆಲ್ಟ್ ಬಿಚ್ಚಿ ಹಿಂದಕ್ಕೆ ಹೋದೆ. ಅಷ್ಟರಲ್ಲಿ ವೆಂಡೆಲ್ ಗಾಡಿಯನ್ನು ಬಲಕ್ಕೆ ತಿರುಗಿಸಿಬಿಟ್ಟ.

ವೆಂಡೆಲ್ ನನ್ನ ಗಂಡ. ಓಹಾಯೋದ ಮನೆ ಮಾರಿ ನಾವು ಈ ಮೋಟರ್‌ಹೋಮ್ ಕೊಂಡೆವು. ಮಂಚ, ಒಲೆ, ಬಚ್ಚಲು, ನನ್ನಮ್ಮನ ಹೊಲಿಗೆ ಮಷಿನ್ ಎಲ್ಲ ಇದರೊಳಗೇ ಇವೆ. ಹಿಂದೆ ಕಬ್ಬಿಣದ ಕೊಂಡಿಗೆ ಸಿಕ್ಕಿಸಿಕೊಂಡು ನಮ್ಮ ಪುಟ್ಟ ಕಾರು ಉರುಳುತ್ತಾ ಬರುತ್ತದೆ. ಬಸ್ಸಿನಷ್ಟು ಉದ್ದದ ಈ ಮನೆಯನ್ನು ಓಡಿಸುವುದು ಅವನ ಕೆಲಸ. ಪಕ್ಕದಲ್ಲಿ ಕೂತು ಬೋರ್ಡು ಓದುವುದು, ಬೈಯುವುದು ನನ್ನದು. ಇದಕ್ಕೇನಾದರೂ ಆದರೆ ನಮ್ಮ ತಲೆಯ ಮೇಲೆ ಇನ್ನೊಂದು ಸೂರಿಲ್ಲ. ಈ ಮಾತನ್ನು ನಾವಿಬ್ಬರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಅಷ್ಟೆ.

"ಯಾಕೆ ತಿರುಗಿಸ್ದೆ?"

"ಮುಂದೆ ಆಕ್ಸಿಡೆಂಟ್ ಆಗಿದೆ. ಫೋನು ಈ ದಾರಿ ತೋರಿಸ್ತು."

ತಟ್ಟೆಗಳನ್ನು ಎದೆಗೆ ಅವಚಿಕೊಂಡೇ ಕಿಟಕಿಯಾಚೆ ನೋಡಿದೆ. ಎರಡೂ ಕಡೆ ಮರಗಳು, ಇಕ್ಕಟ್ಟಾದ ರಸ್ತೆ, ಒಂದೇ ಒಂದು ಲಾರಿಯಿಲ್ಲ. "ಇದು ಪಾರ್ಕ್‌ವೇ ಅಲ್ವಾ? ಬೋರ್ಡ್ ಏನಿತ್ತು?"

"ವ್ಯಾಪಾರದ ಗಾಡಿ ಬರಬಾರದು ಅಂತಿತ್ತು. ನಾವೇನು ಆಲೂಗಡ್ಡೆ ಮಾರ್ತೀವಾ? ನಾವು ರಿಟೈರ್ ಆದೋರು ಕಣೆ."

ಮೋಟರ್‌ಹೋಮಿನ ಗಂಡಸರೆಲ್ಲ ಇದನ್ನೇ ಹೇಳಿಕೊಂಡು ಪಾರ್ಕ್‌ವೇಗೆ ನುಗ್ಗುತ್ತಾರೆ. ಆಮೇಲೆ ಕ್ಯಾಂಪಿನಲ್ಲಿ ಬೆಂಕಿ ಸುತ್ತ ಕೂತಾಗ ಅವರ ಹೆಂಡತಿಯರು ಚಾವಣಿ ಕಿತ್ತುಹೋದ ಕಥೆ ಹೇಳುತ್ತಾರೆ. ಪುಟ್ಟ ಕಾರುಗಳ ಕಾಲದಲ್ಲಿ ಮಾಡಿದ ರಸ್ತೆ ಅದು, ಸೇತುವೆಗಳೂ ಆ ಕಾಲದ ತಗ್ಗು ಸೇತುವೆಗಳು.

ತಿರುವು ಮುಗಿಯಿತು. ಎದುರಿಗೆ ಕಲ್ಲಿನ ಕಮಾನು, ಅದರ ಹಣೆಯ ಮೇಲೆ ಒಂಬತ್ತು ಅಡಿ ಎಂಟು ಇಂಚು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನಮ್ಮದು ಹನ್ನೆರಡೂವರೆ ಅಡಿ.

"ನಿಲ್ಸು."

"ಯಾಕೆ?"

"ಸೇತುವೆ, ವೆಂಡೆಲ್. ನಿಲ್ಸು ಅಂದ್ರೆ ನಿಲ್ಸು!"

ಬ್ರೇಕಿನ ಗಾಳಿ ಬುಸ್ಸೆಂದಿತು. ನಾನು ತಟ್ಟೆಗಳ ಸಮೇತ ನೆಲಕ್ಕೆ ಬಿದ್ದೆ. ಎದ್ದು ನೋಡಿದರೆ ಮುಂದಿನ ಗಾಜಿನ ತುಂಬ ಕಲ್ಲೇ ಕಲ್ಲು.

ಹಿಂದೆ ಹಾರ್ನುಗಳ ಜಾತ್ರೆ ಶುರುವಾಯಿತು. ಪಕ್ಕದ ಸಾಲಿನಲ್ಲಿ ನುಸುಳಿದ ಟ್ಯಾಕ್ಸಿಯವನೊಬ್ಬ ಕುತ್ತಿಗೆ ಹೊರಹಾಕಿ, "ಏನಜ್ಜ, ಮನೆ ಇಲ್ಲೇ ಕಟ್ಸ್ತೀಯಾ? ಬಾಡಿಗೆಗೆ ಕೊಡೋದಾದ್ರೆ ಹೇಳು," ಎಂದು ಹೋದ.

ಹಿಂದಕ್ಕೆ ಹೋಗೋಣವೆಂದರೆ ಕಾರು ಕೊಂಡಿಯಲ್ಲಿದೆ. ಹಾಗೇ ರಿವರ್ಸ್ ತೆಗೆದರೆ ಕಾರಿನ ಚಕ್ರ ಅಡ್ಡ ತಿರುಗಿ ಕೊಂಡಿ ಮುರಿಯುತ್ತದೆ. ಮೊದಲು ಅದನ್ನು ಬಿಚ್ಚಬೇಕು. ರಬ್ಬರ್ ಸುತ್ತಿಗೆ ಹಿಡಿದು ಇಳಿದೆ. ಗಾಡಿ ಓರೆಯಾಗಿ ನಿಂತಿದ್ದರಿಂದ ಪಿನ್ನು ಬಿಗಿದುಕೊಂಡಿತ್ತು. ನನ್ನ ಕಾಲಿನ ಪಕ್ಕದಲ್ಲೇ ಕಾರುಗಳು ಗಾಳಿ ಎಬ್ಬಿಸಿಕೊಂಡು ಹೋಗುತ್ತಿದ್ದವು. ಕೂತು ಹೊಡೆದೆ, ಮಂಡಿಯೂರಿ ಹೊಡೆದೆ, ಗಂಡನನ್ನು ನೆನೆದು ಹೊಡೆದೆ. ಆಗ ಪಿನ್ನು ಬಂತು.

ಕಾರನ್ನು ಹುಲ್ಲಿನ ಮೇಲೆ ನಿಲ್ಲಿಸಿ ಬರುವಷ್ಟರಲ್ಲಿ ಪೊಲೀಸ್ ಗಾಡಿ ಬಂದಿತ್ತು. ಇಳಿದವಳು ಪಗ್ಲೀಸಿ ಎಂಬ ಹೆಸರಿನ ಪಟ್ಟಿ ಧರಿಸಿದ್ದ ಹೆಂಗಸು. ಬಾಯಲ್ಲಿ ಚ್ಯೂಯಿಂಗ್ ಗಮ್.

"ವ್ಯಾಪಾರದ ಗಾಡಿ ಅಲ್ಲ ಅಂದ್ಕೊಂಡ್ರಿ, ಅಲ್ವಾ ಮೇಡಂ?"

"ನಾನಲ್ಲ. ಒಳಗಿದಾನೆ ನೋಡಿ, ಆ ಮಹಾನುಭಾವ."

"ಎಲ್ರದ್ದೂ ಇದೇ ಕಥೆ. ಹಿಂದೆ ರಸ್ತೆ ಬಂದ್ ಮಾಡ್ಸಿದೀನಿ. ನಿಧಾನಕ್ಕೆ ರಿವರ್ಸ್ ತಗೊಂಡು ಬಂದ ದಾರೀಲೇ ಇಳೀರಿ. ಆಗಲ್ಲ ಅಂದ್ರೆ ಕ್ರೇನ್ ತರಿಸ್ತೀನಿ. ಎಳ್ಕೊಂಡು ಹೋಗಿ ಪೊಲೀಸ್ ಯಾರ್ಡಿಗೆ ಹಾಕ್ತಾರೆ."

"ಅದರೊಳಗೆ ನಾವು ಮಲಗ್ತೀವಮ್ಮ."

"ಯಾರ್ಡಲ್ಲಿ ಮಲಗೋ ಹಾಗಿಲ್ಲ ಮೇಡಂ."

ರಿವರ್ಸ್ ತೆಗೆಯುವಾಗ ನಮ್ಮದೊಂದು ಕ್ರಮವಿದೆ. ನಾನು ಹಿಂದೆ ಎಡಮೂಲೆಯಲ್ಲಿ, ಅವನ ಕನ್ನಡಿಯಲ್ಲಿ ಕಾಣುವ ಹಾಗೆ ನಿಲ್ಲುತ್ತೇನೆ. ಅಂಗೈ ಆಡಿಸಿದರೆ ಬಾ, ಮುಷ್ಟಿ ಎತ್ತಿದರೆ ನಿಲ್ಲು. ನಾನು ಕಾಣದೆಹೋದರೂ ನಿಲ್ಲಲೇಬೇಕು. ಎಷ್ಟು ಜಗಳವಾಡಿದ್ದರೂ ಈ ಕ್ರಮ ನಾವು ತಪ್ಪಿಸಿದವರಲ್ಲ.

ಗಾಡಿ ಹಿಂದಕ್ಕೆ ಬಂತು. ಸರಿಯಾಗಿಯೇ ಬರುತ್ತಿತ್ತು. ತಿರುವಿನಲ್ಲಿ ಹಿಂಭಾಗ ಕಬ್ಬಿಣದ ತಡೆಗಂಬಿಯತ್ತ ವಾಲತೊಡಗಿತು. ನಾನು ಮುಷ್ಟಿ ಎತ್ತಿದೆ. ಗಾಡಿ ನಿಲ್ಲಲಿಲ್ಲ. ಎರಡೂ ಕೈ ಎತ್ತಿದೆ, ಕೂಗಿದೆ. ಇಂಜಿನ್ನಿನ ಸದ್ದಿಗೆ ನನ್ನ ಕೂಗು ನನಗೇ ಕೇಳಿಸಲಿಲ್ಲ. ನನ್ನ ಬೆನ್ನಿಗೆ ತಡೆಗಂಬಿ ತಾಗಿತ್ತು, ಎದುರಿಗೆ ನನ್ನದೇ ಮಲಗುವ ಕೋಣೆಯ ಗೋಡೆ ಬರುತ್ತಿತ್ತು. ಇನ್ನೂ ಕೈಯಲ್ಲೇ ಇದ್ದ ಸುತ್ತಿಗೆ ಎತ್ತಿ ಆ ಗೋಡೆಗೆ ಬಲವಾಗಿ ಬಾರಿಸಿದೆ. ಮತ್ತೆ ಬಾರಿಸಿದೆ.

ನಿಂತಿತು. ಗೋಡೆಗೂ ನನಗೂ ನಡುವೆ ಒಂದು ಗೇಣು.

ಪಕ್ಕಕ್ಕೆ ಜಾರಿಕೊಂಡು ಹೊರಬಂದು ಅವನ ಕಿಟಕಿಯ ಹತ್ತಿರ ಓಡಿದೆ. "ನನ್ನ ಕೈ ಕಾಣ್ಲಿಲ್ವಾ? ಕೊಂದೇಬಿಡ್ತಿದ್ಯಲ್ಲೋ!"

ಅವನು ಸ್ಟೀರಿಂಗ್ ಬಿಟ್ಟು ಕೈಯೆರಡನ್ನೂ ತೊಡೆಯ ಮೇಲಿಟ್ಟುಕೊಂಡ. ಅಷ್ಟರಲ್ಲಿ ಪಗ್ಲೀಸಿ ಬಂದು, "ಲೈಸೆನ್ಸ್ ಕೊಡಿ ಸರ್," ಎಂದಳು.

ವೆಂಡೆಲ್ ಲೈಸೆನ್ಸ್ ತೆಗೆದು ಅವಳ ಕೈಗಿಟ್ಟ. "ಇಟ್ಕೊಳ್ಳಿ ಆಫೀಸರ್. ವಾಪಸ್ ಬೇಡ. ಚಳಿಗಾಲದಿಂದ ಎಡಗಣ್ಣು ಮಂಜು ಮಂಜು. ಈಗ ಬಲಗಣ್ಣೂ ಶುರುವಾಗಿದೆ. ಆ ಬೋರ್ಡು ನಾನು ಓದಲಿಲ್ಲ. ಏನೋ ಇದೆ ಅಂತ ಮಾತ್ರ ಗೊತ್ತಾಯ್ತು, ಇವಳಿಗೆ ಹೇಳಿದ್ದು ಬರೀ ಊಹೆ."

ಪಗ್ಲೀಸಿ ಅಗಿಯುವುದನ್ನು ನಿಲ್ಲಿಸಿದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಳಿಗಾಲವೆಲ್ಲ ನನ್ನ ಪಕ್ಕದಲ್ಲೇ ಮಲಗಿ ಎದ್ದ ಮನುಷ್ಯ, ನನಗೆ ಹೇಳದ ಮಾತನ್ನು ರಸ್ತೆಯಲ್ಲಿ ಸಿಕ್ಕ ಪೊಲೀಸಿನವಳಿಗೆ ಹೇಳಿದ್ದ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಗಾಡಿ ಮಾರೋಣ ಅಂತಿದ್ದೆ, ಆರ್ಲೀನ್. ಮಾರಿ ಎಲ್ಲಿಗೆ ಹೋಗೋದು?"

"ಮೇಡಂ, ಸರ್ ಓಡ್ಸೋದಕ್ಕೆ ನಾನು ಬಿಡಲ್ಲ," ಎಂದಳು ಪಗ್ಲೀಸಿ. ದನಿ ಮೆತ್ತಗಾಗಿತ್ತು. "ನೀವು ಓಡಿಸ್ತೀರಾ? ಇಲ್ಲ ಕ್ರೇನಿಗೆ ಹೇಳ್ಲಾ?"

ನಾನು ಈ ಗಾಡಿ ಓಡಿಸಿದ್ದು ಒಂದೇ ಒಂದು ಸಲ, ಅರಿಜೋನಾದ ಖಾಲಿ ಮೈದಾನದಲ್ಲಿ. ಅಲ್ಲೂ ಕಸದ ತೊಟ್ಟಿಗೆ ಗುದ್ದಿದ್ದೆ. ಕ್ರೇನಿನ ಕೊಕ್ಕೆಗೆ ನನ್ನ ಮನೆ ನೇತಾಡುವುದು ಕಣ್ಣಮುಂದೆ ಬಂತು.

"ಇಳಿಯೋ," ಎಂದೆ ಅವನಿಗೆ.

ಸೀಟನ್ನು ಮುಂದಕ್ಕೆಳೆದುಕೊಂಡು, ಕನ್ನಡಿ ತಿರುಗಿಸಿಕೊಂಡೆ. ಎಡಮೂಲೆಯಲ್ಲಿ ಪಗ್ಲೀಸಿ ನಿಂತಳು. ಮೊದಲು ಸ್ವಲ್ಪ ಮುಂದಕ್ಕೆ ಬಿಟ್ಟು ನೇರ ಮಾಡಿಕೊಂಡೆ. ಮತ್ತೆ ಕಲ್ಲು ಗಾಜಿನ ತುಂಬ ಬಂತು, ಅದನ್ನು ನೋಡದೆ ಕನ್ನಡಿಯನ್ನೇ ನೋಡಿದೆ. ಅವಳ ಅಂಗೈ ಆಡಿತು, ಬಂದೆ. ಮುಷ್ಟಿ ಎದ್ದಿತು, ನಿಂತೆ. ಬಲಗನ್ನಡಿಯಲ್ಲಿ ವೆಂಡೆಲ್ ಹುಲ್ಲಿನ ಮೇಲೆ, ಗಾಡಿಯ ಜೊತೆಜೊತೆಗೇ ನಡೆದು ಬರುತ್ತಿದ್ದ. ಕುರಿಮಂದೆಯ ಹಿಂದೆ ಹೋಗುವವನ ನಡಿಗೆ. ಅತ್ತಿದ್ದನೋ ಏನೋ, ಆ ದೂರಕ್ಕೆ ತಿಳಿಯಲಿಲ್ಲ.

ತಿರುವು ದಾಟಿತು, ತಡೆಗಂಬಿ ದಾಟಿತು. ಕಡೆಗೆ ದೊಡ್ಡ ರಸ್ತೆಯ ಬದಿಗೆ ಬಂದು ನಿಂತಾಗ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಇನ್ನೊಬ್ಬ ಪೊಲೀಸಿನವನು ನಮ್ಮ ಕಾರನ್ನು ತಂದುಕೊಟ್ಟ. ನಾನೇ ಕೊಂಡಿ ಹಾಕಿದೆ. ಪಗ್ಲೀಸಿ ದಂಡದ ಚೀಟಿ ಕೊಟ್ಟು, "ಕಣ್ಣು ತೋರಿಸಿ ಸರ್, ಮೊದಲು ಕಣ್ಣು," ಎಂದು ಹೊರಟುಹೋದಳು.

ನಾನು ಹೋಗಿ ಸ್ಟೀರಿಂಗ್ ಮುಂದೆ ಕೂತೆ. ವೆಂಡೆಲ್ ಮೆಟ್ಟಿಲು ಹತ್ತಿ ಬಂದು, ಒಡೆದ ತಟ್ಟೆಗಳ ನಡುವೆ ಯಾರದೋ ಮನೆಗೆ ಬಂದ ನೆಂಟನ ಹಾಗೆ ನಿಂತ. "ಎಲ್ಲಿ ಕೂತ್ಕೊಳ್ಳಲಿ?" ಎಂದ.

"ನಾನು ಇಷ್ಟು ವರ್ಷ ಹೆದರ್ಕೊಂಡು ಕೂತಿದ್ದೆನಲ್ಲ, ಅಲ್ಲಿ."

ಅವನು ಕೂತ. ಬೆಲ್ಟಿನ ಕೊನೆಗಾಗಿ ತಡಕಾಡುತ್ತಿದ್ದ ಅವನ ಕೈ ಹಿಡಿದು, ನಾನೇ ಅದನ್ನು ಸಿಕ್ಕಿಸಿದೆ.