ಗೇಟಿನಾಚೆಯ ಚೆರ್ರಿ ಸಾಲು

ಅಣುಸ್ಥಾವರದಲ್ಲಿ ಅವಘಡವಾಗಿ ಊರಿಗೆ ಊರೇ ಖಾಲಿಯಾದ ಮೇಲೆ ವರ್ಷಗಳೇ ಉರುಳಿದ್ದವು. ಈ ವಸಂತದಲ್ಲಿ ಮೊದಲ ಸಲ, ಹೂಬಿಟ್ಟ ಚೆರ್ರಿ ಸಾಲನ್ನು ಬಸ್ಸಿನಲ್ಲೇ ಕೂತು ನೋಡಿಬರಲು ಹಳೆಯ ಊರಿನವರಿಗೆ ಅನುಮತಿ ಸಿಕ್ಕಿತ್ತು. ವಿಕಿರಣ ಇನ್ನೂ ಇದ್ದುದರಿಂದ ಇಳಿಯುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ.

ಸೋಯಾ ಪನೀರಿನಂಥ ತೋಫು ಮಾರುತ್ತಿದ್ದ ಅಂಗಡಿಯ ಕಿನುಯೆ ಕಿಟಕಿಯ ಪಕ್ಕ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಕ್ಷೌರದಂಗಡಿಯ ತೊಕುಜಿ. ಊರಲ್ಲಿದ್ದಾಗ ಇಬ್ಬರಿಗೂ ಪ್ರತಿ ವಸಂತದಲ್ಲೂ ಜಗಳ. ಹೂ ನೋಡುತ್ತ ಕೂತು ಉಣ್ಣಲು, ತಿರುವಿನ ಬಾಗಿದ ಮರದಡಿ ಚಾಪೆ ಹಾಸಲು ಯಾರು ಮೊದಲು ಬಂದರೆಂದು.

"ಅಕ್ಕಾ, ಚಾಪೆ ತಂದಿದ್ದೀಯೇನು?" ಎಂದ ತೊಕುಜಿ.

"ನಿನ್ನ ಬಾಯಿ ಮಾತ್ರ ಹಂಗೇ ಇದೆ ನೋಡು. ತಲೇಲಿ ಒಂದು ಕೂದ್ಲೂ ಉಳಿದಿಲ್ಲ."

"ಕತ್ತರಿಸೋಕೆ ಗಿರಾಕಿ ಇಲ್ಲ ಅಂತ ನಂದನ್ನೇ ಮುಗಿಸ್ಕೊಂಡೆ."

ಬಸ್ಸೆಲ್ಲ ನಕ್ಕಿತು. ನಿರ್ಬಂಧಿತ ಊರಿನ ಗೇಟು ತೆರೆದದ್ದೇ ನಗು ನಿಂತುಹೋಯಿತು.

ಎರಡೂ ಬದಿಯ ಮರಗಳು ತಲೆಯ ಮೇಲೆ ಕೂಡಿ ಹೂವಿನ ಚಪ್ಪರವಾಗಿದ್ದವು. ಸವರುವವರಿಲ್ಲದೆ ಬೆಳೆದ ಕೊಂಬೆಗಳು ಬಸ್ಸಿನ ಚಾವಣಿಯನ್ನು ಗೀರುತ್ತಿದ್ದವು. ಕಿನುಯೆಯ ಅಂಗಡಿಯ ಮುಂದೆ ಆಳೆತ್ತರದ ಹುಲ್ಲು. ತಾತ್ಕಾಲಿಕ ವಸತಿಯಲ್ಲಿ ಪ್ರಾಣ ಬಿಟ್ಟ ಅವಳ ಗಂಡ ಕೊನೆಯ ದಿನಗಳಲ್ಲೂ, "ಈಗ ಹೂ ಬಿಟ್ಟಿರಬೇಕು ಅಲ್ವೇನೇ?" ಎಂದು ಕೇಳುತ್ತಿದ್ದ. ಬಿಟ್ಟಿವೆ ಎಂದು ಈಗ ಹೇಳಲು ಅವನಿರಲಿಲ್ಲ.

"ಒಂದು ಗಳಿಗೆ ನಿಲ್ಲಿಸಪ್ಪಾ," ಎಂದಳು.

"ನಿಲ್ಲಿಸೋ ಹಾಗಿಲ್ಲಮ್ಮಾ," ಎಂದ ಚಾಲಕ. ಆದರೆ ವೇಗವನ್ನು ಇನ್ನಷ್ಟು ತಗ್ಗಿಸಿದ.

ತಿರುವಿನ ಮರದಡಿ, ಉದುರಿದ ಎಸಳುಗಳ ಮೇಲೆ, ಕಾಡುಹಂದಿಯೊಂದು ಮರಿಗಳ ಜೊತೆ ಆರಾಮಾಗಿ ಮಲಗಿತ್ತು. ಬಸ್ಸು ಬಂದರೂ ಕದಲಲಿಲ್ಲ.

"ನೋಡಕ್ಕಾ, ನಮಗಿಂತ ಮೊದಲೇ ಬಂದು ಜಾಗ ಹಿಡಿದುಬಿಟ್ಟಿವೆ," ಎಂದು ನಗಲು ಹೋದ ತೊಕುಜಿಯ ದನಿ ಅರ್ಧದಲ್ಲೇ ಒಡೆಯಿತು. ಅವನು ಬಿಕ್ಕುವುದು ಕೇಳಿಸಿದರೂ ಕಿನುಯೆ ತಿರುಗಿ ನೋಡಲಿಲ್ಲ.

"ಇರಲಿ ಬಿಡೋ. ಅವಾದ್ರೂ ಕೂತ್ಕೊಳ್ಲಿ," ಎಂದಳು. ಅವಳ ಉಸಿರಿಗೆ ಗಾಜು ಮಂಜಾಗುತ್ತಿತ್ತು. ತೋಳಿನಿಂದ ಮತ್ತೆ ಮತ್ತೆ ಒರೆಸಿದಳು. ಅಷ್ಟರಲ್ಲಿ ಮರ ಹಿಂದಾಯಿತು.

ಪಕ್ಕದೂರಿನ ಬಯಲಲ್ಲಿ ಬಸ್ಸು ನಿಂತಿತು. ಎಲ್ಲರಿಗೂ ಊಟದ ಡಬ್ಬಿ ಕೊಟ್ಟರು. ಅಲ್ಲೂ ಚೆರ್ರಿ ಮರ ಮೈತುಂಬ ಹೂಬಿಟ್ಟಿತ್ತು. ಅದರ ಕೆಳಗೆ ಯಾರೂ ಹೋಗಿ ಕೂರಲಿಲ್ಲ.

"ಇಲ್ಲೂ ಚೆನ್ನಾಗೇ ಬಿಟ್ಟಿದೆ," ಎಂದ ತೊಕುಜಿ, ಅವಳ ಪಕ್ಕ ಬಯಲಂಚಿನ ಕಟ್ಟೆಯ ಮೇಲೆ ಕೂರುತ್ತ.

"ಹ್ಞೂಂ, ಚೆನ್ನಾಗಿದೆ," ಎಂದಳು ಕಿನುಯೆ, ತಲೆ ಎತ್ತದೆ. ತನ್ನ ಡಬ್ಬಿಯ ಮೊಟ್ಟೆಯ ತುಂಡನ್ನು ಅವನ ಅನ್ನದ ಮೇಲಿಟ್ಟು, "ತಿನ್ನು," ಎಂದಳು. ತಾನು ಮಾತ್ರ ಬಂದ ದಾರಿಯತ್ತ ಮುಖ ಮಾಡಿ ಕೂತಳು.