ಗುಡುಗು ಮೇಷ್ಟ್ರ ಸಿಲಬಸ್

ಹಾಜರಿ ಕರೆಯುತ್ತಿದ್ದವಳ ನಾಲಿಗೆ ಒಂದು ಹೆಸರಿನ ಮೇಲೆ ಗಕ್ಕನೆ ನಿಂತಿತು. ತಲೆಯೆತ್ತಿ ನೋಡಿದರೆ ಹಿಂದಿನ ಬೆಂಚಿನಲ್ಲಿ ಗುಡುಗು ಮೇಷ್ಟ್ರು! ಕೂದಲು ಬೆಳ್ಳಗಾಗಿತ್ತು, ಮೈ ಇಳಿದಿತ್ತು. ಗದ್ದ ಎತ್ತಿ ಎದುರಿಗಿದ್ದವರನ್ನು ಅಳೆಯುವ ನೋಟ ಮಾತ್ರ ಹಾಗೇ ಇತ್ತು.

"ಬಂದಿದ್ದೀನಿ" ಎಂದರು. ಅವಳ ಗುರುತು ಹತ್ತಿದಂತೆ ಕಾಣಲಿಲ್ಲ.

ಹೊಸದಾಗಿ ಸೇರಿದ ಉಪನ್ಯಾಸಕರಿಗೆ ಸಿಲಬಸ್ ಬರೆಯುವುದನ್ನು ಕಲಿಸುವುದು ಆ ಕಾಲೇಜಿನಲ್ಲಿ ಅವಳ ಕೆಲಸ. ನಿವೃತ್ತಿಯಾದ ಮೇಲೆ ಅತಿಥಿಗಳಾಗಿ ಪಾಠಕ್ಕೆ ಬಂದವರಿಗೂ ವಿನಾಯಿತಿ ಇಲ್ಲ. ಅವಳು ಒಪ್ಪಿ ಸಹಿ ಹಾಕದೆ ಯಾರಿಗೂ ತರಗತಿ ಸಿಗುವುದಿಲ್ಲ.

ಅವಳು ಆಗಷ್ಟೇ ಕೆಲಸಕ್ಕೆ ಸೇರಿದ್ದ ಕಾಲದಲ್ಲಿ, ಬೇರೊಂದು ಕಾಲೇಜಿನಲ್ಲಿ, ಈ ಮೇಷ್ಟ್ರು ಭೂಗೋಳ ವಿಭಾಗದ ಮುಖ್ಯಸ್ಥರಾಗಿದ್ದರು. ದನಿ ಗುಡುಗಿನಂತಿದ್ದುದಕ್ಕೇ ಆ ಅಡ್ಡಹೆಸರು. ಸಿಲಬಸ್ ಹೇಗೆ ಬರೆಯಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಿಳಿದಂತೆ ಬರೆದು ತಂದಿದ್ದಳು. ಅವರು ಆ ಹಾಳೆಯನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಹಿಡಿದಂತೆ ಎತ್ತಿ ಹಿಡಿದು, "ಇದೇನಮ್ಮ, ಸಿಲಬಸ್ಸೋ ದಿನಸಿ ಚೀಟಿಯೋ? ನಿನಗೆ ಹಾಜರಿ ಕೂಗೋ ಕೆಲಸವೇ ಸರಿ" ಎಂದಿದ್ದರು. ಇಡೀ ಸ್ಟಾಫ್ ರೂಮು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅವಳ ಕೋರ್ಸು ಇನ್ನೊಬ್ಬರ ಪಾಲಾಯಿತು, ವರ್ಷ ಮುಗಿಯುವ ಹೊತ್ತಿಗೆ ಕೆಲಸವೂ ಹೋಯಿತು. ಆ ನಗುವನ್ನು ಅವಳು ಎಂದೂ ಮರೆತಿರಲಿಲ್ಲ.

ಮೇಷ್ಟ್ರನ್ನು ತರಬೇತಿಯಲ್ಲಿ ಕಂಡ ದಿನ ಮನೆಗೆ ಬಂದವಳೇ ಅಕ್ಕನಿಗೆ ಎಲ್ಲವನ್ನೂ ಹೇಳಿದಳು.

"ಹೋಗ್ಲಿ ಬಿಡೇ, ವಯಸ್ಸಾದ ಮನುಷ್ಯ" ಎಂದಳು ಅಕ್ಕ, ಬಟ್ಟೆ ಮಡಿಸುತ್ತ.

"ಆಗ ನನಗೇನು ಮಹಾ ವಯಸ್ಸಾಗಿತ್ತು? ಚಿಕ್ಕವಳು ಅಂತ ನನ್ನನ್ನ ಬಿಟ್ರಾ?"

"ಏನ್ ಮಾಡ್ತೀಯ ಈಗ?"

"ನೀರು ಕುಡಿಸ್ತೀನಿ."

ಮೇಷ್ಟ್ರು ತಂದ ಸಿಲಬಸ್ ನೋಡಿ ಅವಳಿಗೆ ಒಳಗೊಳಗೇ ಖುಷಿಯಾಯಿತು. ಭೂಮಿ ಹುಟ್ಟಿದಲ್ಲಿಂದ ಹಿಡಿದು ಇವತ್ತಿನ ನಗರಗಳ ತನಕ ಎಲ್ಲವನ್ನೂ ಒಂದೇ ಸೆಮಿಸ್ಟರಿಗೆ ತುರುಕಿದ್ದರು. ಕೊನೆಯಲ್ಲಿ ಒಂದು ದೊಡ್ಡ ಪರೀಕ್ಷೆ, ಅಷ್ಟೇ. ಬೋರ್ಡಿನ ಮುಂದೆ ಅವರನ್ನು ನಿಲ್ಲಿಸಿ ಓದಿಸಿದಳು.

"ಸರ್, ಕೋರ್ಸು ಮುಗಿಯೋ ಹೊತ್ತಿಗೆ ಹುಡುಗರಿಗೆ ಏನು ಮಾಡೋಕೆ ಬರಬೇಕು?"

"ಏನ್ ಬರಬೇಕು? ಭೂಗೋಳ ಬರಬೇಕು."

ಹಿಂದೆ ಯಾರೋ ಕಿಸಕ್ಕೆಂದರು. ಅವಳು ತಡೆಯಲಿಲ್ಲ. ಮೇಷ್ಟ್ರ ಮಕ್ಕಳ ವಯಸ್ಸಿನ ಉಪನ್ಯಾಸಕರಿಂದ ಒಂದೊಂದು ತಪ್ಪು ಹೇಳಿಸಿದಳು. ಪಾಠಕ್ಕೂ ಪರೀಕ್ಷೆಗೂ ತಾಳಮೇಳವಿಲ್ಲ ಎಂದರು ಒಬ್ಬರು. ಮಧ್ಯದಲ್ಲಿ ಎಡವಿದವನು ಸುಧಾರಿಸಿಕೊಳ್ಳಲು ದಾರಿಯೇ ಇಲ್ಲ ಎಂದರು ಇನ್ನೊಬ್ಬರು. ಮೇಷ್ಟ್ರ ಕಿವಿ ಕೆಂಪೇರಿತು. ಅವಳಿಗೆ ಹಬೆಯಾಡುವ ಕಾಫಿ ಕುಡಿದಷ್ಟು ಹಿತವಾಯಿತು.

ಅಲ್ಲಿಂದ ಶುರುವಾಯಿತು ನೋಡಿ. ಅವರು ತಿದ್ದಿ ತಂದದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ಗೀಚಿ ಹಿಂದಕ್ಕೆ ಕೊಟ್ಟಳು. ಉಳಿದವರ ಬಳಿ ಕಂಡೂ ಕಾಣದಂತೆ ಬಿಟ್ಟ ಸಣ್ಣಪುಟ್ಟ ತಪ್ಪುಗಳಿಗೂ ಇವರನ್ನು ಕೂರಿಸಿ ಮತ್ತೆ ಬರೆಸಿದಳು. ರೇಗಿ ಎದ್ದು ಹೋಗಲಿ ಎಂಬುದೇ ಅವಳ ಆಸೆ. ಮೇಷ್ಟ್ರು ಹೋಗಲಿಲ್ಲ. ಕನ್ನಡಕ ಒರೆಸಿಕೊಂಡು, "ಮತ್ತೆ ಬರ್ಕೊಂಡ್ ಬರ್ತೀನಿ ಮೇಡಂ" ಎನ್ನುತ್ತಿದ್ದರು.

ತರಬೇತಿಯ ಕೊನೆಯ ದಿನ ಅವರು ತಂದ ಪ್ರತಿಯನ್ನು ಕೆಂಪು ಪೆನ್ನು ಹಿಡಿದೇ ಓದಿದಳು. ಅರ್ಧಕ್ಕರ್ಧ ವಿಷಯ ಕಿತ್ತುಹಾಕಿದ್ದರು. ಹುಡುಗರು ತಮ್ಮ ಬೀದಿಯ ಚರಂಡಿ ಎತ್ತ ಹರಿಯುತ್ತದೆಂದು ನಕ್ಷೆ ಬರೆಯಬೇಕು, ಮಳೆನೀರು ಎಲ್ಲಿ ನಿಲ್ಲುತ್ತದೆ, ಏಕೆ ಎಂದು ಹೇಳಬೇಕು. ಮೊದಲ ನಕ್ಷೆ ಕೆಟ್ಟರೆ ತಿದ್ದಿ ಕೊಡಬಹುದು. ಪೆನ್ನು ಊರಲು ಒಂದು ತಪ್ಪೂ ಇರಲಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು. ಹೊಸಕಿಹಾಕಲು ಹೊರಟಿದ್ದ ಮನುಷ್ಯನನ್ನು ತಾನೇ ಕೈಯಾರೆ ನಿಜವಾದ ಮೇಷ್ಟ್ರನ್ನಾಗಿ ಮಾಡಿಬಿಟ್ಟಿದ್ದಳು!

ಅದರ ಮೇಲೆ ಅವರು ಎಲ್ಲರೆದುರು ಮುಂದೆ ಬಂದು ನಿಂತು, "ಇಷ್ಟು ವರ್ಷ ಪಾಠ ಮಾಡಿದ್ರೂ ಇದು ಗೊತ್ತಿರಲಿಲ್ಲ. ಮೇಡಂಗೆ ನಾನು ಋಣಿ" ಎಂದು ಕೈಮುಗಿದರು.

ಅವಳಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. "ನನ್ನ ಗುರುತು ಸಿಗ್ಲಿಲ್ವಾ ಸರ್?" ಎಂದವಳೇ ಆ ಹಳೆಯ ಮಾತನ್ನು, ದಿನಸಿ ಚೀಟಿ, ಹಾಜರಿ ಕೂಗುವುದು, ಎಲ್ಲ ಸೇರಿಸಿ, ಅವರದೇ ಗುಡುಗು ದನಿಯಲ್ಲಿ ಒಪ್ಪಿಸಿದಳು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರು. "ನೆನಪಿಲ್ಲಮ್ಮ. ಆದ್ರೆ ಅಂದಿರ್ತೀನಿ. ಆಗ ದಿನಾ ಯಾರಿಗಾದ್ರೂ ಹಾಗೆ ಅಂತಿದ್ದೆ."

ಅವಳಿಗೆ ಅದೇ ಹೆಚ್ಚು ಚುಚ್ಚಿತು. ತಾನು ಇಷ್ಟು ವರ್ಷ ಹೊತ್ತು ತಿರುಗಿದ್ದು ಈ ಮನುಷ್ಯನಿಗೆ ನೆನಪೂ ಇಲ್ಲ.

"ತಪ್ಪಾಯ್ತು" ಎಂದರು ಮೇಷ್ಟ್ರು ಮೆಲ್ಲಗೆ.

"ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ."

"ತಪ್ಪಾಯ್ತು ಮೇಡಂ!"

"ಕೇಳಿಸ್ತು" ಎಂದಳು. ಕ್ಷಮಿಸಿದ್ದೇನೆ ಎನ್ನಲಿಲ್ಲ. ಸಿಲಬಸ್ಸಿನ ಕೆಳಗೆ ಪೆನ್ನು ಒತ್ತಿ ಸಹಿ ಹಾಕಿ ಮೇಜಿನ ಮೇಲೆ ತಳ್ಳಿದಳು. ಹಾಕದಿದ್ದರೆ ತಾನೂ ಅವರ ಥರವೇ ಆಗುತ್ತೇನೆಂದು ಅವಳಿಗೆ ಗೊತ್ತಿತ್ತು. ಅದೊಂದೇ ಕಾರಣಕ್ಕೆ ಹಾಕಿದಳು.

ಸಂಜೆ ಅಕ್ಕ, "ಈಗಾದ್ರೂ ಸಮಾಧಾನ ಆಯ್ತಾ?" ಎಂದಳು.

"ಮುಕ್ಕಾಲು ಭಾಗ ಆಯ್ತು" ಎಂದು ತಟ್ಟೆ ಎಳೆದುಕೊಂಡು ಹೊಟ್ಟೆ ತುಂಬ ಉಂಡಳು.

ಮೇಷ್ಟ್ರ ಹುಡುಗರು ಚರಂಡಿ ಅಳೆಯುತ್ತ ಬೀದಿ ಬೀದಿ ತಿರುಗಿದರು. ಕೋರ್ಸಿಗೆ ಒಳ್ಳೆಯ ಹೆಸರು ಬಂತು. ಮುಂದಿನ ಸೆಮಿಸ್ಟರಿಗೆ ಅವರು ಇನ್ನೊಂದು ಸಿಲಬಸ್ ಕಳಿಸಿದಾಗ ಅದರಲ್ಲಿ ಒಂದೇ ಒಂದು ದಿನಾಂಕ ತಪ್ಪಿತ್ತು. ಫೋನಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಕೆಂಪು ಪೆನ್ನು ತೆಗೆದು ಆ ದಿನಾಂಕಕ್ಕೆ ದೊಡ್ಡದಾಗಿ ಸುತ್ತು ಹಾಕಿ, 'ಪೂರ್ತಿ ಮತ್ತೆ ಬರೆದು ತನ್ನಿ' ಎಂದು ಬರೆದು ವಾಪಸ್ ಕಳಿಸಿದಳು.