ಅಣಕು ತಂಡದವರು

"ಎಡಗಡೆ ಚುಚ್ಚು. ಬಲಗಡೆ ಚುಚ್ಚಿದ್ರೆ ಪೆಟ್ಟಿಗೆ ಎತ್ತೋವಾಗ ನಲುಗಿಹೋಗುತ್ತೆ," ಎಂದು ವೆಂಡೆಲ್ ಹಾಸ್ ಕೋಟಿನ ಎದೆಯನ್ನು ಮುಂದಕ್ಕೆ ಚಾಚಿದ.

ಅಂತ್ಯಕ್ರಿಯೆಗೆ ಬಂದವರಿಗೆ ಚರ್ಚಿನ ಬಾಗಿಲಲ್ಲಿ ಹೂವು ಹಂಚುತ್ತಿದ್ದ ಮಿಲೋ ಪಾವೆಲ್ಕಾ ಪಿನ್ನು ಹಿಡಿದ ಕೈಯನ್ನು ಅಲ್ಲೇ ತಡೆದ. "ನಿನಗೆ ಬಿಳೀದು ಕಣೋ ವೆಂಡೆಲ್. ಕೆಂಪು ಹೂವು ಪೆಟ್ಟಿಗೆ ಹೊರೋರಿಗೆ."

"ಬಿಳೀದು ಯಾರಿಗೆ?"

"ಗೌರವದ ಹೊರುವವರು ಅಂತ ಹಾಕಿದಾರಲ್ಲ, ಅವರಿಗೆ. ಮುಂದಿನ ಸಾಲಲ್ಲಿ ಕೂರಿಸ್ತೀವಿ."

"ಅಂದ್ರೆ ಏನೂ ಹೊರದೆ ಸುಮ್ನೆ ಕೂರೋರು."

"ನಾನು ಹಾಗನ್ನಲಿಲ್ಲಪ್ಪ," ಎಂದು ಮಿಲೋ ಬಿಳಿ ಹೂವನ್ನು ಚುಚ್ಚಿ, ಹಿಂದೆ ನಿಂತವರ ಕಡೆ ತಿರುಗಿದ.

ವೆಂಡೆಲ್ ಬೆಂಚಿನಲ್ಲಿ ಕೂತು ಅಚ್ಚಾದ ಹಾಳೆಯನ್ನು ಬಿಡಿಸಿದ. ಆರ್ವಿಡ್ ಲುಂಡ್, ವಯಸ್ಸು ಎಪ್ಪತ್ತೊಂದು. ಅದರ ಕೆಳಗೆ ಪೆಟ್ಟಿಗೆ ಹೊರುವ ಆರು ಜನರ ಹೆಸರು. ಮಿಲೋನಿಂದ ಹಿಡಿದು ಆರಕ್ಕೆ ಆರೂ ಜನ ಅಣಕು ತಂಡದವರು! ಐವತ್ತು ವರ್ಷದ ಹಿಂದೆ ಒಂದೇ ಒಂದು ಪಂದ್ಯದಲ್ಲೂ ಮೈದಾನಕ್ಕೆ ಇಳಿಯದವರು. ಅಸಲಿ ತಂಡಕ್ಕೆ ನಾಯಕನಾಗಿದ್ದ ವೆಂಡೆಲ್‌ನ ಹೆಸರು ಅವರ ಕೆಳಗೆ ಸಣ್ಣಕ್ಷರದಲ್ಲಿತ್ತು. ನಲವತ್ತು ವರ್ಷ ಪ್ರತಿ ಗುರುವಾರ ಆರ್ವಿಡ್‌ನ ಎದುರು ಕೂತು ಕಾಫಿ ಕುಡಿದವನು ಯಾರು? ಅವನ ಹಿಮ ತೆಗೆಯುವ ಲಾರಿ ಕೆಟ್ಟಾಗಲೆಲ್ಲ ತನ್ನ ಟ್ರಾಕ್ಟರ್ ಅಂಗಡಿಯಿಂದ ಮೆಕ್ಯಾನಿಕ್ಕನ್ನು ಕಳಿಸಿದವನು ಯಾರು? ಹೊರುವ ಹಕ್ಕು ತನ್ನದಲ್ಲದೆ ಇನ್ನಾರದು?

ಹಿಂದಿನ ಬೆಂಚಿನಲ್ಲಿ ಇಬ್ಬರು ಹೆಂಗಸರು ಪಿಸುಗುಡುತ್ತಿದ್ದರು.

"ಮೂವತ್ತೊಂದು ವರ್ಷ ಹಿಮ ತೆಗೆದನಲ್ಲೇ. ಬೆಳಗಾಗೋದ್ರೊಳಗೆ ನಮ್ಮ ಮನೆ ದಾರೀನೇ ಮೊದಲು ಕ್ಲೀನ್ ಮಾಡ್ತಿದ್ದ."

"ನಿಮ್ಮದಾ? ನಮ್ಮದು ಮೊದಲು! ಅವನೇ ಹೇಳಿದ್ದ."

"ನನಗೂ ಅವನೇ ಹೇಳಿದ್ದು ಕಣೇ."

ಊರಿನಲ್ಲಿ ಎಲ್ಲರಿಗಿಂತ ಮೊದಲು ಆರ್ವಿಡ್ ತನ್ನ ದಾರಿಯ ಹಿಮವನ್ನೇ ತೆಗೆಯುತ್ತಾನೆಂದು ವೆಂಡೆಲ್ ಕೂಡ ಅಷ್ಟೂ ವರ್ಷ ನಂಬಿದ್ದ. ಅವನು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ತುರುಕಿದ.

*

ಐವತ್ತು ವರ್ಷದ ಹಿಂದಿನ ಆ ಶರತ್ಕಾಲದಲ್ಲಿ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಒಂಬತ್ತು ಪಂದ್ಯ ಆಡಿ ಒಂಬತ್ತನ್ನೂ ಗೆದ್ದಿತ್ತು. ನೆಬ್ರಾಸ್ಕಾದ ಆ ಮೂಲೆಯಲ್ಲಿ ಜನ ಇವತ್ತಿಗೂ ಮಕ್ಕಳ ವಯಸ್ಸನ್ನು ಆ ವರ್ಷದಿಂದ ಲೆಕ್ಕ ಹಾಕುತ್ತಾರೆ.

ಶನಿವಾರ ಆಡುವವರು ಬೇರೆ, ವಾರವೆಲ್ಲ ಏಟು ತಿನ್ನುವವರು ಬೇರೆ. ಮುಂದಿನ ಎದುರಾಳಿ ಯಾರೋ ಅವರ ಬಣ್ಣದ ಅಂಗಿ ತೊಟ್ಟು, ಅವರ ಹಾಗೆಯೇ ಆಡಿ, ಅಸಲಿ ತಂಡಕ್ಕೆ ಅಭ್ಯಾಸ ಕೊಡುವುದು ಅಣಕು ತಂಡದ ಕೆಲಸ. ಕಡ್ಡಿಯಂತಿದ್ದ ಆರ್ವಿಡ್ ಅದರ ಮುಖ್ಯ ವೇಷಧಾರಿ. ಪ್ರತಿ ಸೋಮವಾರ ಅವನು ಬೇರೊಬ್ಬನಾಗಿ ಬರುತ್ತಿದ್ದ. ಒಂದು ವಾರ ಎದುರಾಳಿ ಎಡಚನಾಗಿದ್ದಾಗ ಮೂರೇ ದಿನಗಳಲ್ಲಿ ಎಡಗೈಯಲ್ಲಿ ಚೆಂಡು ಎಸೆಯಲು ಕಲಿತುಬಿಟ್ಟ. ವೆಂಡೆಲ್ ಅವನನ್ನು ಕೆಡವುತ್ತಿದ್ದ. ಅವನು ಹುಲ್ಲು ಉಗಿದು ಎದ್ದು ಏನೋ ಹೇಳುತ್ತಿದ್ದ, ಅಣಕು ತಂಡದವರು ಬಿದ್ದುಬಿದ್ದು ನಗುತ್ತಿದ್ದರು. ಅಸಲಿ ತಂಡದಲ್ಲಿ ಯಾರೂ ಹಾಗೆ ನಗುತ್ತಿರಲಿಲ್ಲ, ಸೋಲುವ ಭಯ ಎಲ್ಲರಿಗೂ. ಏನು ಹೇಳಿದ ಎಂದು ಕೇಳಲು ನಾಯಕನ ಜಂಬ ಬಿಡುತ್ತಿರಲಿಲ್ಲ.

ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ ಎದುರಾಳಿಗಳು ಗೋಲಿನ ಗೆರೆಗೆ ಒಂದೇ ಗಜ ದೂರದಲ್ಲಿದ್ದರು. ದಾಟಿದರೆ ಅವರದೇ ಗೆಲುವು. ಅವರ ಹುಡುಗ ಚೆಂಡು ಕೇಳುವ ಮೊದಲು ತನ್ನ ಎಡ ಬೂಟನ್ನೊಮ್ಮೆ ನೋಡಿಕೊಂಡ. ಬುಧವಾರ ಆರ್ವಿಡ್ ಕೂಡ ಹಾಗೆಯೇ ನೋಡಿಕೊಂಡು ಎಡಕ್ಕೆ ನುಗ್ಗಿದ್ದ! ವೆಂಡೆಲ್ ಆ ಕಡೆಗೇ ಹಾರಿ ಆ ಹುಡುಗನನ್ನು ತಬ್ಬಿ ಕೆಡವಿದ. ಮೇಲೆ ಮೂವರು ಬಿದ್ದರು. ಗೆಲುವಿನ ಕೂಗಿನಲ್ಲಿ ತನ್ನ ಮಂಡಿ ಮುರಿದದ್ದು ವೆಂಡೆಲ್ ಒಬ್ಬನಿಗೇ ಕೇಳಿಸಿತು.

ಪತ್ರಿಕೆಯಲ್ಲಿ ಬಂದ ಚಿತ್ರ ಅವನದು. ಆದರೆ ಅವನು ಆಂಬುಲೆನ್ಸಿನಲ್ಲಿದ್ದಾಗ ಕೋಚ್ ಗೆದ್ದ ಪಂದ್ಯದ ಚೆಂಡನ್ನು ಆರ್ವಿಡ್‌ನ ಕೈಗೆ ಕೊಟ್ಟರಂತೆ.

ಮರುದಿನ ಆರ್ವಿಡ್ ಅದನ್ನು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಗೆ ಬಂದ. "ತಗೋಳೋ. ಇದು ನಿಂದು. ಅವರಿಗೆ ಗೊತ್ತಾಗಲಿಲ್ಲ."

"ಇಟ್ಕೊ ನೀನೇ. ನನಗೆ ಭಿಕ್ಷೆ ಹಾಕೋಕೆ ಬಂದ್ಯಾ?"

ಆರ್ವಿಡ್ ಚೆಂಡಿನ ಸಮೇತ ಹೊರಟುಹೋದ. ಅದನ್ನು ಇಸಿದುಕೊಳ್ಳಬೇಕಿತ್ತು ಎಂದು ವೆಂಡೆಲ್‌ಗೆ ಅನಿಸಿದ್ದು ಅವನು ಬಾಗಿಲು ದಾಟುವ ಮೊದಲೇ. ನಲವತ್ತು ವರ್ಷದ ಕಾಫಿಯಲ್ಲಿ ಆ ಮಾತು ಮತ್ತೆ ಬರಲಿಲ್ಲ.

*

ಅಂತ್ಯಕ್ರಿಯೆಯ ದಿನವೇ ಮಧ್ಯಾಹ್ನ ಒಂದಕ್ಕೆ ಈ ವರ್ಷದ ಕಾಲೇಜು ತಂಡದ ಪಂದ್ಯವಿತ್ತು. ಪಾದ್ರಿಗಳ ಕಣ್ಣು ಆಗಾಗ ಗಡಿಯಾರಕ್ಕೆ ಹೋಗುತ್ತಿತ್ತು, ಅರ್ಧ ಜನರ ಕಪ್ಪು ಕೋಟಿನೊಳಗೆ ಕಾಲೇಜಿನ ಬಣ್ಣದ ಅಂಗಿ ಇಣುಕುತ್ತಿತ್ತು. ಪ್ರಾರ್ಥನೆ ಮುಗಿಯುತ್ತಲೇ ವೆಂಡೆಲ್ ಪಕ್ಕದ ಕೋಣೆಗೆ ಹೋಗಿ ಆರ್ವಿಡ್‌ನ ಹೆಂಡತಿ ಮಾರ್ಲಿಸ್‌ಳ ಎದುರು ನಿಂತ. ಅವಳು ಕೈಗವಸು ಹಾಕಿಕೊಳ್ಳುತ್ತಿದ್ದಳು.

"ಆ ಪಟ್ಟಿ ಯಾರು ಮಾಡಿದ್ದು ಮಾರ್ಲಿಸ್?"

"ಇವತ್ತು ಅದನ್ನ ಕೇಳ್ತೀಯಾ?"

"ಇವತ್ತಲ್ಲದೆ ಯಾವತ್ತು ಕೇಳಲಿ? ಆ ಮಿಲೋ ವರ್ಷಕ್ಕೊಂದು ಸಲ ಕ್ರಿಸ್‌ಮಸ್ ಕಾರ್ಡ್ ಹಾಕೋನು. ಅವನಿಗೆ ಕೆಂಪು ಹೂವು, ನನಗೆ ಬಿಳೀದು!"

ಅವಳು ಕೈಗವಸನ್ನು ಕಳಚಿ ಚೀಲದಿಂದ ಒಂದು ಚೀಟಿ ತೆಗೆದು ಕೊಟ್ಟಳು. ಹಿಮದ ಲಾರಿಯ ಕಚೇರಿಯ ಹಳದಿ ಚೀಟಿ, ಆರ್ವಿಡ್‌ನ ವಕ್ರ ಅಕ್ಷರ. ಮೊದಲ ಹೆಸರೇ ವೆಂಡೆಲ್. ಅದರ ಮೇಲೆ ಒಂದು ಗೀಟು. ಪಕ್ಕದಲ್ಲಿ ಒಂದೇ ಪದ: ಮಂಡಿ.

"ಮಾರ್ಚ್‌ನಲ್ಲಿ ಆಸ್ಪತ್ರೆಯಿಂದ ಬಂದವನೇ ಬರೆದ," ಎಂದಳು ಮಾರ್ಲಿಸ್. "ಹನ್ನೊಂದು ಮೆಟ್ಟಿಲು ಇಳೀಬೇಕು, ಗುಡ್ಡ ಹತ್ತಬೇಕು, ಕೇಳಿದ್ರೆ ವೆಂಡೆಲ್ ಬೇಡ ಅನ್ನೋನಲ್ಲ, ಸತ್ರೂ ಹೊರ್ತಾನೆ, ಅದಕ್ಕೆ ನೀನು ಅವನನ್ನ ಕೇಳಲೇ ಕೂಡದು ಅಂತ ನನ್ನಿಂದ ಮಾತು ತಗೊಂಡ."

"ನನ್ನ ಮಂಡಿ ವಿಷಯ ಹೇಳೋಕೆ ಅವನ್ಯಾರು?"

"ಅದನ್ನ ಅವನಿಗೇ ಹೇಳ್ಬೇಕಿತ್ತು ನೀನು," ಎಂದು ಅವಳು ಚೀಟಿಯನ್ನು ಮೆಲ್ಲಗೆ ಇಸಿದುಕೊಂಡಳು. "ಕಾರಲ್ಲಿ ನನ್ನ ಜೊತೆ ಬಾ. ಹಿಂದಿನ ದಾರೀಲಿ ಗೋರಿ ತನಕ ಹೋಗುತ್ತೆ."

"ನಡೀತೀನಿ."

ಹೊರಗೆ ಆರು ಜನರೂ ಪೆಟ್ಟಿಗೆಯನ್ನು ಹೂವಿನ ಬುಟ್ಟಿಯಂತೆ ಎತ್ತಿ ಮೆಟ್ಟಿಲಿಳಿದರು. ಎಲ್ಲರೂ ಎಪ್ಪತ್ತು ದಾಟಿದವರು, ಒಬ್ಬನ ಕಾಲೂ ತೊಡರಲಿಲ್ಲ. ಮೆಟ್ಟಿಲಿನ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಳಿಯುತ್ತಿದ್ದ ವೆಂಡೆಲ್ ಅವರ ಮಂಡಿಗಳನ್ನೇ ನೋಡಿದ. ಆಡಿದವನ ಮಂಡಿ ಹೋಯಿತು, ಆಡದವರದು ಉಳಿಯಿತು. ಹೆಸರು, ಚಿತ್ರ, ಅಂಗಡಿಯ ಗೋಡೆಯ ಗಾಜಿನ ಚೌಕಟ್ಟು ಎಲ್ಲವನ್ನೂ ಕೊಟ್ಟುಬಿಡುತ್ತಿದ್ದ, ಆ ಪೆಟ್ಟಿಗೆಯ ಒಂದು ಹಿಡಿ ತನಗೆ ಸಿಕ್ಕಿದ್ದರೆ.

ಚರ್ಚಿನ ಹಿಂದಿನ ಗುಡ್ಡದ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಮೊದಲ ಏರಿನಲ್ಲೇ ವೆಂಡೆಲ್‌ನ ಕಾಲು ಮುಷ್ಕರ ಹೂಡಿತು. ಪಂದ್ಯದ ಆತುರದಲ್ಲಿದ್ದವರು "ಬರಲಾ, ಒಂದು ಕೈ ಕೊಡ್ಲಾ?" ಎನ್ನುತ್ತಲೇ ಅವನನ್ನು ದಾಟಿ ಹೋದರು. ಬೇಡ, ಬೇಡ ಎಂದು ತಲೆಯಾಡಿಸಿದ. ಪೆಟ್ಟಿಗೆ ಮುಂದೆ ಮುಂದೆ ಹೋಗಿ ಚಿಕ್ಕದಾಗುತ್ತಿತ್ತು. ಗೋರಿಗೆ ತಾನು ಮುಟ್ಟುವಷ್ಟರಲ್ಲಿ ಇವರು ಆರ್ವಿಡ್‌ನನ್ನು ಇಳಿಸಿ ಮಣ್ಣು ಹಾಕಿ ಪಂದ್ಯಕ್ಕೂ ಹೋಗಿರುತ್ತಾರೆ ಎಂದು ಅವನಿಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಅಳುವೂ ಬಂತು.

ಏರಿನ ನಡುವೆ ಪೆಟ್ಟಿಗೆ ನಿಂತಿತು.

"ಏನಾಯ್ತ್ರೀ?" ಎಂದು ಮೇಲಿನಿಂದ ಪಾದ್ರಿಗಳು ಕೂಗಿದರು.

"ಕ್ಯಾಪ್ಟನ್ ಬರಲಿ," ಎಂದ ಮಿಲೋ.

"ಕೆಳಗಿಡ್ರಪ್ಪ, ಭಾರ!" ಎಂದರು ಪಾದ್ರಿಗಳು.

"ಬರಲಿ ಬಿಡಿ."

'ಹೋಗ್ರೋ, ನನಗೋಸ್ಕರ ನಿಲ್ಲಬೇಡಿ!' ಎಂದು ಒದರಬೇಕೆನಿಸಿತು ವೆಂಡೆಲ್‌ಗೆ. ಉಸಿರು ಸಾಲಲಿಲ್ಲ. ಕೆಟ್ಟ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಮುಂದಿಟ್ಟ, ಒಳ್ಳೆಯದನ್ನು ಅದರ ಪಕ್ಕಕ್ಕೆ ಎಳೆದ. ಮೇಲೆ ಆರು ಜನರೂ ಅವನಿಗೆ ಬೆನ್ನು ಹಾಕಿಯೇ ನಿಂತಿದ್ದರು. ಅವರ ಬಾಯಿಂದ ಹಬೆ ಏಳುತ್ತಿತ್ತು, ಕತ್ತುಗಳು ಕೆಂಪಾಗಿದ್ದವು, ತೋಳುಗಳು ನಡುಗುತ್ತಿದ್ದವು. ಪೆಟ್ಟಿಗೆಯನ್ನು ಯಾರೂ ಕೆಳಗಿಡಲಿಲ್ಲ.